ಗೇರ್ ಬಾಕ್ಸಿನ ಸದ್ದಿಗೆ ಕಿವಿಗೊಡಿ



ಇವತ್ತಿನ ಮಾತು ಕಾರಿನ ಗೇರ್ ಬಾಕ್ಸಿನ ಬಗ್ಗೆ. ಅದು ಕೆಡದಂತೆ ನೋಡಿಕೊಳ್ಳುವುದು ಹೇಗೆ, ಕೆಟ್ಟರೆ ನೆಟ್ಟಗೆ ರಿಪೇರಿ ಮಾಡಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ.

ಗದಗ-ಬೆಟಗೇರಿಯಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳವರೆಗೆ ಈಗ ಎಷ್ಟೋ ಮನೆಗಳ ಮುಂದೆ ಕಾರು ನಿಂತಿರುತ್ತದೆ. ಕೆಲವರದು ಶೋರೂಮಿನಿಂದ ಬಂದದ್ದು. ಹಲವರದು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ನೋಡಿ ತಂದ ಸೆಕೆಂಡ್ ಹ್ಯಾಂಡ್ ಗಾಡಿ. ಬಾಡಿಗೆ ಹೊಡೆಯುವ ಕ್ರೂಸರ್, ಬೊಲೆರೊ, ಓಮ್ನಿಗಳು ಬೇರೆ. ಗಾಡಿ ಇದ್ದವರು ಟೈರು ನೋಡುತ್ತಾರೆ. ಬ್ಯಾಟರಿ ನೋಡುತ್ತಾರೆ. ಎಂಜಿನ್ ಆಯಿಲ್ ಬದಲಿಸುವ ದಿನ ನೆನಪಿಟ್ಟುಕೊಳ್ಳುತ್ತಾರೆ. ಗೇರ್ ಬಾಕ್ಸಿನ ಎಣ್ಣೆ ಯಾವಾಗ ಬದಲಿಸಿದಿರಿ ಎಂದು ಕೇಳಿ ನೋಡಿ. ಬಹಳ ಜನ ಸುಮ್ಮನಾಗುತ್ತಾರೆ.

ನಾನು ಹೇಳಬೇಕೆಂದಿರುವ ಮಾತು ಇಷ್ಟೇ. ಗೇರ್ ಬಾಕ್ಸ್ ಒಂದೇ ದಿನಕ್ಕೆ ಕೆಡುವುದು ಬಹಳ ಅಪರೂಪ. ಕೆಡುವ ಮೊದಲು ಅದು ತಿಂಗಳುಗಟ್ಟಲೆ ಸದ್ದು ಮಾಡುತ್ತದೆ. ಬೆಟಗೇರಿಯ ನೇಕಾರರ ಮನೆಗೆ ಹೋದವರಿಗೆ ಗೊತ್ತು. ಮಗ್ಗದ ಸದ್ದು ಒಂದಿಷ್ಟು ಬದಲಾದರೆ ಸಾಕು, ನೇಯುವ ಕೈ ನಿಲ್ಲುತ್ತದೆ. ಎಳೆ ಹರಿಯಿತೋ, ಲಾಳಿ ತಡೆಯಿತೋ ಎಂದು ನೋಡಿದ ಮೇಲೆಯೇ ಮುಂದಿನ ನೇಯ್ಗೆ. ಕಾರು ಓಡಿಸುವವರಿಗೂ ಅಂಥ ಕಿವಿ ಬೇಕು. ಸದ್ದು ಕೇಳಿದ ವಾರವೇ ನೋಡಿಸಿದರೆ ಕೆಲಸ ಸಣ್ಣದು. ಆರು ತಿಂಗಳು ಬಿಟ್ಟು ನೋಡಿಸಿದರೆ ಅದೇ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಆ ಸದ್ದು ಏಕೆ ಬರುತ್ತದೆ ಎಂದು ತಿಳಿಯಬೇಕಾದರೆ, ಪೆಟ್ಟಿಗೆಯ ಒಳಗೆ ಏನಿದೆ ಎಂದು ಮೊದಲು ತಿಳಿಯಬೇಕು. ಮನಸ್ಸಿನಲ್ಲೇ ಬಾನೆಟ್ ಎತ್ತಿ ನೋಡಿ. ಇಂದಿನ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಅದರ ಒಂದು ತುದಿಗೆ ಬೋಲ್ಟ್ ಹಾಕಿ ಬಿಗಿದ ಅಲ್ಯೂಮಿನಿಯಂ ಪೆಟ್ಟಿಗೆ. ಒಬ್ಬರೇ ಎತ್ತಲು ಕಷ್ಟ, ಇಬ್ಬರು ಸೇರಿದರೆ ಸಲೀಸು, ಅಷ್ಟು ಭಾರ. ಒಳಗೆ ಒಂದರ ಪಕ್ಕ ಒಂದು ಉಕ್ಕಿನ ಶಾಫ್ಟುಗಳು. ಶಾಫ್ಟಿನ ಮೇಲೆ ಜೋಡಿ ಜೋಡಿಯಾಗಿ ಹಲ್ಲುಚಕ್ರಗಳು. ಒಂದು ಸಣ್ಣದು, ಅದಕ್ಕೆ ಕಚ್ಚಿಕೊಂಡದ್ದು ದೊಡ್ಡದು.

ಎಂಜಿನ್ ಸುಮ್ಮನೆ ಚಾಲೂ ಇದ್ದಾಗಲೇ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಓಡುವಾಗ 2000, 3000 ಸುತ್ತು. ಗಾಲಿ ಅಷ್ಟು ವೇಗದಲ್ಲಿ ತಿರುಗಬೇಕಿಲ್ಲ. ನಿಂತ ಗಾಡಿ ಎಬ್ಬಿಸಲು ವೇಗ ಬೇಡ, ಬಲ ಬೇಕು. ಅದಕ್ಕೇ ಮೊದಲ ಗೇರು. ಸಣ್ಣ ಕಾರಿನಲ್ಲಿ ಮೊದಲ ಗೇರು ಹಾಕಿದಾಗ ಎಂಜಿನ್ ಸುಮಾರು 14 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಅಂದರೆ ಗಾಡಿ ಎರಡು ಮೀಟರಿಗಿಂತ ಕಡಿಮೆ ಮುಂದೆ ಹೋಗುತ್ತದೆ. ಐದನೇ ಗೇರಿನಲ್ಲಿ ಎಂಜಿನ್ ಮೂರು ನಾಲ್ಕು ಸುತ್ತು ತಿರುಗಿದರೆ ಸಾಕು, ಗಾಲಿ ಒಂದು ಸುತ್ತು. ವೇಗ ಕೊಟ್ಟು ಬಲ ಪಡೆಯುವುದು, ಬಲ ಕೊಟ್ಟು ವೇಗ ಪಡೆಯುವುದು. ಗೇರ್ ಬಾಕ್ಸ್ ಮಾಡುವ ವ್ಯಾಪಾರ ಇಷ್ಟೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗೇರು ಬದಲಿಸಿದಾಗ ಹಲ್ಲುಚಕ್ರಗಳು ಹೋಗಿ ಬಂದು ಒಂದಕ್ಕೊಂದು ಕೂಡುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮುಂದಕ್ಕೆ ಹೋಗುವ ಗೇರುಗಳೆಲ್ಲ ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಿಮ್ಮ ಕೈಯಲ್ಲಿನ ಲಿವರ್ ಒಂದು ಫೋರ್ಕನ್ನು ಸರಿಸುತ್ತದೆ. ಫೋರ್ಕು ಒಂದು ಸ್ಲೀವನ್ನು ತಳ್ಳುತ್ತದೆ. ಸ್ಲೀವು ಹೋಗಿ, ಬೇಕಾದ ಗೇರನ್ನು ಶಾಫ್ಟಿಗೆ ಲಾಕ್ ಮಾಡುತ್ತದೆ. ಆದರೆ ಗೇರಿನ ವೇಗ ಒಂದು, ಶಾಫ್ಟಿನ ವೇಗ ಇನ್ನೊಂದು. ಆ ಎರಡನ್ನೂ ಸಮ ಮಾಡಲು ನಡುವೆ ಒಂದು ಹಿತ್ತಾಳೆಯ ಉಂಗುರ ಇರುತ್ತದೆ. ಗ್ಯಾರೇಜಿನಲ್ಲಿ ಅದನ್ನು ಸಿಂಕ್ರೋ ರಿಂಗ್ ಎನ್ನುತ್ತಾರೆ. ಅದು ಗೇರಿನ ಕೋನಿಗೆ ಉಜ್ಜಿ, ಕಣ್ಣು ಮಿಟುಕಿಸುವುದರೊಳಗೆ ವೇಗ ಸಮ ಮಾಡಿ, ಸ್ಲೀವಿಗೆ ದಾರಿ ಬಿಡುತ್ತದೆ. ಒಳಗೆ ತಿರುಗುವ ಭಾಗಗಳಲ್ಲಿ ಮೆತ್ತನೆಯ ಲೋಹ ಇದೇ. ಸವೆಯುವುದೂ ಸಾಮಾನ್ಯವಾಗಿ ಇದೇ ಮೊದಲು.

ಈ ಉಂಗುರ ಮೊದಲಿನಿಂದ ಇರಲಿಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಎಂಬ ಇಬ್ಬರು ಹಲ್ಲುಚಕ್ರ ಸರಿಸಿ ಗೇರು ಬದಲಿಸುವ ಕಾರು ಮಾಡಿದರು. ಅದರಲ್ಲಿ ಚಕ್ರಕ್ಕೆ ಚಕ್ರ ಬಡಿದೇ ಕೂಡಬೇಕಿತ್ತು. ಸಿಂಕ್ರೋ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ನಮ್ಮ ಕಡೆಯ ಹಳೆಯ ಬಸ್ಸು, ಲಾರಿಗಳಿಗೆ ಅದು ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಹಿರಿಯ ಡ್ರೈವರುಗಳು ಡಬಲ್ ಕ್ಲಚ್ ಹೊಡೆಯುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದಿಷ್ಟು ಎಕ್ಸಲೇಟರ್, ಮತ್ತೆ ಕ್ಲಚ್ ಒತ್ತಿ ಗೇರು. ಸಿಂಕ್ರೋ ಮಾಡುವ ಕೆಲಸವನ್ನು ಅವರು ಕಾಲಿನಿಂದಲೇ, ಕಿವಿಯಿಂದಲೇ ಮಾಡುತ್ತಿದ್ದರು. ಅದು ದೊಡ್ಡ ವಿದ್ಯೆ. ಆ ಡ್ರೈವರುಗಳ ಬಗ್ಗೆ ನನಗೆ ಬಹಳ ಗೌರವ.

ಇಲ್ಲಿಯವರೆಗೆ ಹೇಳಿದ್ದು ಗೇರ್ ಬಾಕ್ಸಿನ ಒಳಗಿನ ಮಾತು. ಹಲ್ಲುಚಕ್ರ, ಸ್ಲೀವು, ಹಿತ್ತಾಳೆ ಉಂಗುರ, ಬೇರಿಂಗು. ಇವೆಲ್ಲ ಬದುಕುವುದು ಒಂದೇ ಒಂದರ ಮೇಲೆ. ಅದು ಎಣ್ಣೆ.

ಎಂಜಿನ್ ಆಯಿಲಿಗೆ ಅಳತೆಯ ಕಡ್ಡಿ ಇದೆ. ಎಳೆದು ನೋಡಬಹುದು. ಹೆಚ್ಚಿನ ಕಾರುಗಳ ಗೇರ್ ಬಾಕ್ಸಿಗೆ ಆ ಕಡ್ಡಿ ಇಲ್ಲ. ಅದಕ್ಕೇ ಅದು ಮರೆತುಹೋಗುತ್ತದೆ. ಗೇರ್ ಆಯಿಲ್ ಸುಟ್ಟು ಕಡಿಮೆಯಾಗುವುದಿಲ್ಲ, ನಿಜ. ಆದರೆ ಹಳತಾಗುತ್ತದೆ. ಲೋಹದ ಪುಡಿ ತುಂಬಿಕೊಳ್ಳುತ್ತದೆ. ಸೀಲಿನಿಂದ ಹನಿ ಹನಿಯಾಗಿ ಸೋರಿ ಕಡಿಮೆಯೂ ಆಗುತ್ತದೆ. ಸಣ್ಣ ಕಾರಿನ ಬಾಕ್ಸಿನಲ್ಲಿ ಇರುವುದೇ ಸುಮಾರು ಎರಡು ಲೀಟರ್. ಅದರಲ್ಲಿ ಅರ್ಧ ಲೀಟರ್ ಹೋದರೆ ಬೇರಿಂಗುಗಳಿಗೆ ಎಣ್ಣೆ ಸಾಲುವುದಿಲ್ಲ. ಡ್ಯಾಶ್ ಬೋರ್ಡಿನ ಮೇಲೆ ಯಾವ ದೀಪವೂ ಹತ್ತುವುದಿಲ್ಲ.

ಎಷ್ಟು ದಿನಕ್ಕೆ ಬದಲಿಸಬೇಕು? ಇದಕ್ಕೆ ಉತ್ತರ ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಬಹಳಷ್ಟು ಸಣ್ಣ ಕಾರುಗಳಿಗೆ 40 ಸಾವಿರ ಕಿಲೋಮೀಟರ್ ಆಸುಪಾಸು ಒಳ್ಳೆಯ ಲೆಕ್ಕ. ಸೆಕೆಂಡ್ ಹ್ಯಾಂಡ್ ತಂದವರು ಕಿಲೋಮೀಟರ್ ನೋಡುತ್ತ ಕೂಡಬೇಡಿ. ತಂದ ತಿಂಗಳೇ ಬದಲಿಸಿ. ಹಿಂದಿನ ಮಾಲೀಕರು ಏನು ಹಾಕಿದ್ದರು, ಹಾಕಿದ್ದರೋ ಇಲ್ಲವೋ, ಯಾರು ಬಲ್ಲರು?

ಬದಲಿಸುವಾಗ ನಾಲ್ಕು ವಿಷಯ ನೆನಪಿಡಿ. ಗಾಡಿ ಸಮ ನೆಲದ ಮೇಲೆ ನಿಂತಿರಬೇಕು. ಒಂದಿಷ್ಟು ಓಡಿಸಿ ತಂದಿರಬೇಕು. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ. ಬಾಕ್ಸಿಗೆ ಎರಡು ಪ್ಲಗ್ ಇರುತ್ತವೆ. ಕೆಳಗಿನದು ಇಳಿಸಲು, ಪಕ್ಕದ್ದು ತುಂಬಲು. ಮೊದಲು ತುಂಬುವ ಪ್ಲಗ್ ಬಿಚ್ಚಿಸಿ. ಏಕೆಂದರೆ ಅದು ತುಕ್ಕು ಹಿಡಿದು ಬಿಚ್ಚದೇ ಹೋದರೆ, ಎಣ್ಣೆ ಇಳಿಸಿಕೊಂಡ ಗಾಡಿ ಗ್ಯಾರೇಜಿನಲ್ಲೇ ನಿಲ್ಲಬೇಕಾಗುತ್ತದೆ. ಕೊನೆಗೆ, ಹೊಸ ಎಣ್ಣೆ ಆ ಪಕ್ಕದ ತೂತಿನ ಅಂಚಿಗೆ ಬಂದು ಹೊರಗೆ ಹರಿಯತೊಡಗಿದಾಗ ಸಾಕು. ಅದೇ ಅಳತೆ.

ಇಳಿಸಿದ ಹಳೆಯ ಎಣ್ಣೆಯನ್ನು ಚೆಲ್ಲಲು ಬಿಡಬೇಡಿ. ಅದನ್ನು ನೋಡಿ. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಪ್ಲಗ್ಗಿಗೆ ಒಂದು ಆಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಹತ್ತಿದ್ದರೆ ಚಿಂತೆಯಿಲ್ಲ, ಅದು ಸಹಜ ಸವೆತ. ಕೈಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕರೆ ಯಾವುದೋ ಹಲ್ಲು ಅಥವಾ ಬೇರಿಂಗು ಒಡೆದಿದೆ. ಹಿತ್ತಾಳೆ ಆಯಸ್ಕಾಂತಕ್ಕೆ ಹತ್ತುವುದಿಲ್ಲ. ಅದಕ್ಕೆ ಎಣ್ಣೆಯನ್ನೇ ಬಿಸಿಲಿಗೆ ಹಿಡಿಯಬೇಕು. ಅದರಲ್ಲಿ ಚಿನ್ನದ ಬಣ್ಣದ ಸಣ್ಣ ಮಿನುಗು ತುಂಬಿದ್ದರೆ ಸಿಂಕ್ರೋ ರಿಂಗು ಜೋರಾಗಿ ಸವೆಯುತ್ತಿದೆ ಎಂದು ಅರ್ಥ. ಎಣ್ಣೆ ಬೆಳ್ಳಗೆ ನೊರೆಗಟ್ಟಿದ್ದರೆ ನೀರು ಸೇರಿದೆ.

ಇನ್ನು ಯಾವ ಎಣ್ಣೆ? ಡಬ್ಬಿಯ ಮೇಲೆ ಜಿ-ಎಲ್ ನಾಲ್ಕು, ಜಿ-ಎಲ್ ಐದು ಎಂದು ಬರೆದಿರುತ್ತದೆ. ಐದು ದೊಡ್ಡ ಅಂಕಿ, ಆದ್ದರಿಂದ ಅದೇ ಒಳ್ಳೆಯದು ಎಂದು ಕೊಡುವವರಿದ್ದಾರೆ. ದಯವಿಟ್ಟು ಹಾಗೆ ತೆಗೆದುಕೊಳ್ಳಬೇಡಿ. ಜಿ-ಎಲ್ ಐದು ಮುಖ್ಯವಾಗಿ ಹಿಂದಿನ ಆ್ಯಕ್ಸಲ್ಲಿನ ಭಾರೀ ಒತ್ತಡದ ಗೇರುಗಳಿಗಾಗಿ ಬಂದದ್ದು. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಕಾವು ಏರಿದಾಗ ಅದು ಹಿತ್ತಾಳೆಯನ್ನು ತಿನ್ನಬಹುದು. ಜೊತೆಗೆ ಸಿಂಕ್ರೋ ರಿಂಗಿಗೆ ಬೇಕಾದ ಉಜ್ಜುವ ಹಿಡಿತವನ್ನೂ ಜಾರಿಸುತ್ತದೆ. ಪುಸ್ತಕ ನಾಲ್ಕು ಎಂದರೆ ನಾಲ್ಕೇ ಹಾಕಿಸಿ. ಐದು ಎಂದರೆ ಐದು. ಎಣ್ಣೆ ದಪ್ಪ ಇದ್ದಷ್ಟು ಸದ್ದು ಕಡಿಮೆ ಎಂದು ದಪ್ಪನೆಯದನ್ನು ಹಾಕುವುದೂ ಬೇಡ. ಸದ್ದು ಮುಚ್ಚಿಹೋಗುತ್ತದೆ, ರೋಗ ಉಳಿಯುತ್ತದೆ. ಮಾರುವ ಗಾಡಿಗೆ ಹೀಗೆ ಮಾಡುವವರೂ ಉಂಟು, ಕೊಳ್ಳುವವರು ಎಚ್ಚರವಾಗಿರಬೇಕು.

ಎಣ್ಣೆಯ ಮಾತು ಆಯಿತು. ಸರಿಯಾದ ಎಣ್ಣೆ, ಸರಿಯಾದ ಮಟ್ಟ, ಹೊತ್ತಿಗೆ ಸರಿಯಾಗಿ ಬದಲಾವಣೆ. ಈಗ ನಮ್ಮ ನೆಲದ ಕಡೆ ಬರೋಣ. ಏಕೆಂದರೆ ಪುಸ್ತಕ ಬರೆದವರು ನಮ್ಮ ಎರೆ ಹೊಲ ನೋಡಿ ಬರೆದಿಲ್ಲ.

ಮಳೆ ಬಿದ್ದ ಎರೆ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಲಿಟ್ಟರೆ ಚಪ್ಪಲಿ ಉಳಿಯುವುದಿಲ್ಲ. ಅಂಥ ದಾರಿಯಲ್ಲಿ ಕಾರಿನ ಮುಂದಿನ ಗಾಲಿ ಹೂತುಕೊಳ್ಳುತ್ತದೆ. ಆಗ ನಾವು ಏನು ಮಾಡುತ್ತೇವೆ? ಮೊದಲ ಗೇರು ಹಾಕಿ, ಎಕ್ಸಲೇಟರ್ ತುಳಿದು, ಕ್ಲಚ್ಚನ್ನು ಅರ್ಧ ಹಿಡಿದು ಹೋರಾಡುತ್ತೇವೆ. ಒಂದು ಗಾಲಿ ಗಿರ್ರನೆ ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಪ್ಲೇಟಿನ ವರ್ಷಗಟ್ಟಲೆಯ ಆಯಸ್ಸು ಆ ಕೆಲವು ನಿಮಿಷಗಳಲ್ಲಿ ಹೋಗಬಹುದು. ಅಷ್ಟೇ ಅಲ್ಲ. ಒಂದೇ ಗಾಲಿ ಹಾಗೆ ಜೋರಾಗಿ ತಿರುಗಿದಾಗ, ಗೇರ್ ಬಾಕ್ಸಿನಲ್ಲೇ ಇದ್ದು ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಸಣ್ಣ ಗೇರುಗಳು ತಮಗೆ ಒಗ್ಗದ ವೇಗದಲ್ಲಿ ತಿರುಗಿ, ಅವುಗಳ ಪಿನ್ನು, ವಾಷರು ಸವೆಯುತ್ತವೆ.

ಹೂತ ಗಾಡಿಯನ್ನು ಎಬ್ಬಿಸುವ ದಾರಿ ಬೇರೆ. ಗಾಲಿಯ ಮುಂದಿನ ಮಣ್ಣು ಬಗೆಯಿರಿ. ಕಲ್ಲು, ಕಣಿಕೆ, ಗೋಣಿ ತಟ್ಟು, ಸಿಕ್ಕದ್ದನ್ನು ಗಾಲಿಯ ಕೆಳಗೆ ಕೊಡಿ. ಎರಡನೇ ಗೇರು ಹಾಕಿ, ಎಕ್ಸಲೇಟರ್ ಹಗುರಾಗಿ ಒತ್ತಿ, ಕ್ಲಚ್ಚನ್ನು ಪೂರ್ತಿ ಬಿಡಿ. ಎರಡನೇ ಗೇರಿನಲ್ಲಿ ಗಾಲಿಗೆ ಹೋಗುವ ಬಲ ಕಡಿಮೆ. ಅದಕ್ಕೇ ಅದು ಸುಮ್ಮನೆ ತಿರುಗುವುದಿಲ್ಲ, ನೆಲ ಹಿಡಿಯುತ್ತದೆ. ಒಂದೆರಡು ಸಲಕ್ಕೆ ಏಳದಿದ್ದರೆ ಅಲ್ಲಿಗೆ ಬಿಡಿ. ಪಕ್ಕದ ಹೊಲದ ಟ್ರ್ಯಾಕ್ಟರ್ ಕರೆಯಿರಿ. ಅದಕ್ಕೆ ಕೊಡುವ ದುಡ್ಡು ಕ್ಲಚ್ಚಿನ ದುಡ್ಡಿಗಿಂತ ಎಷ್ಟೋ ಕಡಿಮೆ.

ಮಣ್ಣಿನ ಜೊತೆ ನೀರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಉಕ್ಕಿ ನಮ್ಮ ಜಿಲ್ಲೆಯ ನರಗುಂದ, ರೋಣ ತಾಲೂಕುಗಳ ಊರುಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಮುಂಡರಗಿ, ಶಿರಹಟ್ಟಿಯ ಕಡೆ ತುಂಗಭದ್ರೆಯ ದಂಡೆಯ ಊರವರಿಗೂ ಹೊಳೆಯ ಭಯ ಗೊತ್ತು. ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ಬ್ರೀದರ್ ಎನ್ನುತ್ತಾರೆ. ಕಾದ ಬಾಕ್ಸು ಥಟ್ಟನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಆ ಕೊಳವೆ ನೀರನ್ನೇ ಒಳಗೆ ಎಳೆದುಕೊಳ್ಳಬಹುದು. ಇನ್ನು ಅದೇ ಕೊಳವೆಗೆ ಎರೆ ಮಣ್ಣು ಮೆತ್ತಿ ಮುಚ್ಚಿಹೋದರೆ ತೊಂದರೆ ತಿರುವುಮುರುವು. ಕಾವಿಗೆ ಒಳಗಿನ ಒತ್ತಡ ಏರಿ, ಎಣ್ಣೆ ಸೀಲುಗಳನ್ನು ದಾಟಿ ಹೊರಗೆ ಬರುತ್ತದೆ. ಹೊಸ ಸೀಲು ಹಾಕಿಸಿದರೂ ಮತ್ತೆ ಸೋರುತ್ತದೆ ಎನ್ನುವ ಗಾಡಿಗಳಲ್ಲಿ ಮೊದಲು ಈ ಕೊಳವೆ ನೋಡಿಸಬೇಕು. ಹಳ್ಳದ ನೀರಲ್ಲಿ ನಿಂತ ಗಾಡಿಯ ಗೇರ್ ಆಯಿಲ್ ಕೂಡಲೇ ಬದಲಿಸಬೇಕು. ಮುಂದಿನ ಸರ್ವೀಸಿಗೆ ನೋಡೋಣ ಎನ್ನಬಾರದು. ಬೇರಿಂಗಿಗೆ ತುಕ್ಕು ಹತ್ತಲು ಬಹಳ ದಿನ ಬೇಕಿಲ್ಲ.

ಮೂರನೆಯದು ಏರು. ನಮ್ಮದು ಬಯಲು ನಾಡು, ಸರಿ. ಆದರೆ ಕಪ್ಪತಗುಡ್ಡ ಇದೆ. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಕ್ರೂಸರ್‌ಗಳಿವೆ. ಒಳಗೆ ಜನ, ಮೇಲೆ ಬುತ್ತಿಗಂಟು, ಪಾತ್ರೆ. ಏರಿನಲ್ಲಿ ಮುಂದಿನ ಗಾಡಿ ನಿಂತರೆ ನಾವೂ ನಿಲ್ಲಬೇಕು. ಆಗ ಬ್ರೇಕ್ ಹಿಡಿಯದೆ, ಕ್ಲಚ್ಚನ್ನೇ ಅರ್ಧ ಹಿಡಿದು ಗಾಡಿ ತೂಗಿಸಿಕೊಂಡು ನಿಲ್ಲುವ ರೂಢಿ ಬಹಳ ಡ್ರೈವರುಗಳಿಗಿದೆ. ಅದನ್ನು ಜಾಣತನ ಎಂದು ತೋರಿಸುವವರೂ ಇದ್ದಾರೆ. ಅದು ಕ್ಲಚ್ ಪ್ಲೇಟನ್ನು ಕಲ್ಲಿಗೆ ತೇಯ್ದ ಹಾಗೆಯೇ. ಹ್ಯಾಂಡ್ ಬ್ರೇಕ್ ಇರುವುದು ಇದೇ ಹೊತ್ತಿಗೆ. ಇಳಿಯುವಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವುದು ಅದಕ್ಕಿಂತ ಅಪಾಯ. ಇಳಿಜಾರಿನಲ್ಲಿ ಎರಡನೆಯದೋ ಮೂರನೆಯದೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿರಬೇಕು. ಇಲ್ಲದಿದ್ದರೆ ಬ್ರೇಕ್ ಕಾದು ಕೈಕೊಡುತ್ತದೆ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕ್ಲಚ್ ಪೆಡಲಿನ ಮೇಲೆ ಎಡಗಾಲು ಇಟ್ಟುಕೊಂಡೇ ಓಡಿಸಬೇಡಿ. ಗೇರ್ ಲಿವರಿನ ಮೇಲೆ ಕೈ ಇಟ್ಟುಕೊಂಡೇ ಓಡಿಸಬೇಡಿ. ಕಾಲಿನ ಭಾರ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿಗೆ, ಕೈಯ ಭಾರ ಒಳಗಿನ ಫೋರ್ಕಿಗೆ ಹೋಗುತ್ತದೆ.

ಎಣ್ಣೆ ನೋಡಿದೆವು. ಮಣ್ಣು, ನೀರು, ಏರು ನೋಡಿದೆವು. ಈಗ ಸದ್ದಿನ ಮಾತು. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಖಾಲಿ ರಸ್ತೆಯಲ್ಲಿ ಒಂದು ಸಲ ಗಾಡಿ ಓಡಿಸಿ ನೋಡಿ. ಪಕ್ಕದಲ್ಲಿ ಯಾರಾದರೂ ಕೂತು ಕೇಳಿದರೆ ಇನ್ನೂ ಒಳ್ಳೆಯದು.

ಗೇರು ಹಾಕುವಾಗ ಕರ್ರ್ ಎನ್ನುತ್ತದೆಯೇ? ಹಾಗಿದ್ದರೆ ಒಂದೇ ಗೇರಿಗೋ, ಎಲ್ಲ ಗೇರಿಗೋ ಗಮನಿಸಿ. ಒಂದೇ ಗೇರಿಗಾದರೆ ಆ ಗೇರಿನ ಸಿಂಕ್ರೋ ರಿಂಗು ಸವೆದಿರಬಹುದು. ಪೇಟೆಯೊಳಗೆ ಓಡುವ ಗಾಡಿಗಳಲ್ಲಿ ಎರಡನೇ ಗೇರಿಗೆ ಈ ದೂರು ಬರುವುದು ಸಾಮಾನ್ಯ. ಏಕೆಂದರೆ ದಿನಕ್ಕೆ ಅತಿ ಹೆಚ್ಚು ಸಲ ಬೀಳುವ ಗೇರು ಅದು. ಎಲ್ಲ ಗೇರಿಗೂ ಕರ್ರ್ ಎಂದರೆ, ರಿವರ್ಸಿಗೆ ಇನ್ನೂ ಜೋರಾದರೆ, ತಪ್ಪು ಬಾಕ್ಸಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಡಿ. ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾಯಿರಿ. ಆಮೇಲೆ ರಿವರ್ಸ್ ಹಾಕಿ. ಆಗಲೂ ಕರ್ರ್ ಎಂದರೆ ಮೊದಲು ನೋಡಬೇಕಾದದ್ದು ಕ್ಲಚ್ ಕೇಬಲ್, ಅಥವಾ ಕ್ಲಚ್ಚಿನ ಆಯಿಲ್. ಎಷ್ಟೋ ಸಲ ಕೇಬಲ್ಲಿನ ಒಂದು ನಟ್ಟು ತಿರುಗಿಸಿದರೆ ಮುಗಿಯುವ ಕೆಲಸ ಇದು. "ಗೇರ್ ಬೀಳವಲ್ದು, ಬಾಕ್ಸ್ ಇಳಸಬೇಕ್ರಿ" ಎಂದು ಯಾರಾದರೂ ನೋಡುವುದಕ್ಕೂ ಮೊದಲೇ ಹೇಳಿದರೆ, "ಮೊದ್ಲ ಕೇಬಲ್ ನೋಡ್ರಿ ಮಿಸ್ತ್ರಿ" ಎನ್ನಿ.

ಗಾಡಿ ನ್ಯೂಟ್ರಲ್ಲಿನಲ್ಲಿ ನಿಂತಾಗ ಗುರ್ ಎನ್ನುವ ಸದ್ದು ಇದೆಯೇ? ಕ್ಲಚ್ ಒತ್ತಿ. ಒತ್ತಿದ ಕೂಡಲೇ ಸದ್ದು ನಿಂತರೆ ಬಾಕ್ಸಿನ ಒಳಗಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಮೇಲೆ ಅನುಮಾನ ಪಡಿ. ಒತ್ತಿದಾಗಲೇ ಸದ್ದು ಶುರುವಾದರೆ ಅದು ರಿಲೀಸ್ ಬೇರಿಂಗು. ಇಷ್ಟು ಸಣ್ಣ ಪರೀಕ್ಷೆ ಎಷ್ಟು ದುಡ್ಡು ಉಳಿಸುತ್ತದೆ ನೋಡಿ. ಎರಡೂ ಬೇರಿಂಗು, ಎರಡೂ ಗುರ್. ಆದರೆ ಒಂದಕ್ಕೆ ಬಾಕ್ಸು ಬಿಚ್ಚಬೇಕು, ಇನ್ನೊಂದಕ್ಕೆ ಬಾಕ್ಸು ಇಳಿಸಿದರೆ ಸಾಕು.

ವೇಗ ಏರಿದಂತೆ ಏರುವ ಹೂಂಕಾರ ಇನ್ನೊಂದು. ಯಾವ ಗೇರಿನಲ್ಲಿದ್ದರೂ ಅದು ಹಾಗೇ ಇದ್ದರೆ ಡಿಫರೆನ್ಷಿಯಲ್ಲಿನ ಬೇರಿಂಗಿರಬಹುದು, ಗಾಲಿಯ ಬೇರಿಂಗೂ ಇರಬಹುದು. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಹಗುರಾಗಿ ತಿರುಗಿಸಿದಾಗ ಸದ್ದು ಏರಿಳಿದರೆ ಬಹುಮಟ್ಟಿಗೆ ಗಾಲಿಯದು. ಪೂರ್ತಿ ತಿರುವಿನಲ್ಲಿ ಟಿಕ್ ಟಿಕ್ ಟಿಕ್ ಎಂದರೆ ಆ್ಯಕ್ಸಲ್ಲಿನ ತುದಿಯ ಜಾಯಿಂಟು. ಅದರ ರಬ್ಬರ್ ಬೂಟು ಹರಿದು, ಗ್ರೀಸು ಹೋಗಿ, ಧೂಳು ಸೇರಿರುತ್ತದೆ. ಬೂಟು ಹರಿದಾಗಲೇ ಬದಲಿಸಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಇನ್ನು ರಿವರ್ಸಿನಲ್ಲಿ ಮಾತ್ರ ಬರುವ ಸಣ್ಣ ಕೀರಲು ಸದ್ದಿಗೆ ಹೆದರಬೇಡಿ. ಬಹಳ ಗಾಡಿಗಳಲ್ಲಿ ರಿವರ್ಸ್ ಗೇರಿನ ಹಲ್ಲು ನೇರವಾಗಿ ಕೊರೆದಿರುತ್ತದೆ. ಅದರ ದನಿಯೇ ಹಾಗೆ.

ಸದ್ದಿಲ್ಲದ ರೋಗಗಳೂ ಎರಡಿವೆ. ಓಡುತ್ತಿದ್ದಾಗ ಗೇರು ತಾನೇ ನ್ಯೂಟ್ರಲ್ಲಿಗೆ ಜಿಗಿಯುವುದು ಒಂದು. ಎಂಜಿನ್ ಮೌಂಟಿಂಗ್ ಹರಿದಿದ್ದರೂ ಹೀಗಾಗುತ್ತದೆ, ಒಳಗೆ ಸ್ಲೀವಿನ ಹಲ್ಲು ಮೊಂಡಾದರೂ ಆಗುತ್ತದೆ. ಮೊದಲು ಮೌಂಟಿಂಗ್ ನೋಡಿಸಿ. ಇನ್ನೊಂದು, ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದಾಗ ಎಂಜಿನ್ ಭೋರ್ಗರೆದು, ಗಾಡಿ ಮಾತ್ರ ಮುಂದೆ ಹೋಗದಿರುವುದು. ಅದು ಕ್ಲಚ್ ಜಾರುವುದು.

ಈಗ ಎಲ್ಲಿಗೆ ಬಂದೆವು? ಸದ್ದು ಕೇಳಿದೆವು, ಯಾವ ಭಾಗದ್ದು ಎಂದು ಒಂದು ಅಂದಾಜು ಮಾಡಿದೆವು. ಸಣ್ಣ ಕೆಲಸದಿಂದ ಮುಗಿಯಲಿಲ್ಲ. ಬಾಕ್ಸು ಇಳಿಸಲೇಬೇಕಾಯಿತು ಎನ್ನೋಣ.

ಆಗ ದುಡ್ಡಿನ ಲೆಕ್ಕ ಹೀಗೆ ಹಾಕಿ. ಬಾಕ್ಸು ಇಳಿಸಿ ಏರಿಸುವ ಕೂಲಿಯೇ ದೊಡ್ಡ ಪಾಲು. ಆದ್ದರಿಂದ ಒಮ್ಮೆ ಇಳಿಸಿದಾಗ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ನೋಡಿ, ಅರ್ಧ ಸವೆದಿದ್ದರೂ ಸೆಟ್ಟಾಗಿಯೇ ಹಾಕಿಸಿ. ಆ್ಯಕ್ಸಲ್ಲಿನ ಸೀಲು, ಎಂಜಿನ್ ಹಿಂಬದಿಯ ಸೀಲು ಹೊಸದಾಗಲಿ. ಸೀಲಿನ ಬೆಲೆ ಕಡಿಮೆ; ಅದೊಂದಕ್ಕಾಗಿ ಮತ್ತೆ ಬಾಕ್ಸು ಇಳಿಸುವುದು ಬೇಡ. ಫ್ಲೈವೀಲಿನ ಮೇಲೆ ನೀಲಿ ಕಲೆ, ಬಿರುಕು ಇದ್ದರೆ ಅದಕ್ಕೂ ದಾರಿ ನೋಡಬೇಕು.

ಬಾಕ್ಸು ಬಿಚ್ಚುವ ಮಿಸ್ತ್ರಿಗಳಿಗೆ ಕೆಲವು ಮಾತು ಹೇಳಬೇಕು. ನಮ್ಮ ಮಿಸ್ತ್ರಿಗಳ ಕೈಯ ಬಗ್ಗೆ ನನಗೆ ಸಂಶಯವಿಲ್ಲ. ಬೇರೆ ಕಡೆ ಎಸೆದುಬಿಡುವ ಬಾಕ್ಸುಗಳಿಗೆ ಅವರು ಜೀವ ಕೊಡುತ್ತಾರೆ. ಕೊರತೆ ಇರುವುದು ಎರಡೇ ಕಡೆ, ಸ್ವಚ್ಛತೆ ಮತ್ತು ಅಳತೆ. ರಸ್ತೆಯ ಧೂಳು ಹಾರುವ ಜಾಗದಲ್ಲಿ ಬಾಕ್ಸು ಬಿಚ್ಚಿಟ್ಟರೆ ಹೊಸ ಬೇರಿಂಗು ಮೊದಲ ದಿನವೇ ಹಳತಾಗುತ್ತದೆ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಎಂಬ ಕಾರ್ಖಾನೆ ಇದೆ. ಅದು ಸ್ಥಾಪನೆಯಾದದ್ದು 2002ರಲ್ಲಿ. ಅಲ್ಲಿ ಮಾಡಿದ ಗೇರ್ ಬಾಕ್ಸುಗಳು ಹೊರದೇಶಗಳಿಗೆ ಹೋಗುತ್ತವೆ. ನಮ್ಮ ರಾಜ್ಯದ ಕೈಗಳು ಅಂಥ ಕೆಲಸ ಮಾಡಬಲ್ಲವು. ಸ್ವಚ್ಛತೆಗೆ ಬೆಟಗೇರಿಯ ಗ್ಯಾರೇಜಿನಲ್ಲಿ ಅಂಥ ಕಾರ್ಖಾನೆಯ ಕಟ್ಟಡ ಬೇಕಾಗಿಲ್ಲ. ಬಾಗಿಲು ಮುಚ್ಚುವ ಒಂದು ಕೋಣೆ, ತೊಳೆದ ಒಂದು ಟೇಬಲ್, ಒಗೆದ ಅರಿವೆ ಇದ್ದರೆ ಸಾಕು.

ಅಳತೆಯ ಮಾತು. ಸಿಂಕ್ರೋ ರಿಂಗನ್ನು ಅದರ ಗೇರಿನ ಕೋನಿಗೆ ಒತ್ತಿ ಹಿಡಿದು, ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಸಣ್ಣ ಕಾರುಗಳಲ್ಲಿ ಹೊಸದಕ್ಕೆ ಸುಮಾರು ಒಂದು ಮಿಲಿಮೀಟರ್ ಇರುತ್ತದೆ. ಅರ್ಧ ಮಿಲಿಮೀಟರಿಗೆ ಇಳಿದಿದ್ದರೆ ರಿಂಗು ಮುಗಿಯಿತು. ಕಣ್ಣಂದಾಜಿಗೆ ಇದು ಗೊತ್ತಾಗುವುದಿಲ್ಲ. ಬಿಚ್ಚುವಾಗ ಯಾವ ರಿಂಗು ಯಾವ ಗೇರಿನದು ಎಂದು ಗುರುತು ಮಾಡಿ ಇಡಬೇಕು. ಒಂದರದನ್ನು ಇನ್ನೊಂದಕ್ಕೆ ಹಾಕಬಾರದು. ಬೇರಿಂಗನ್ನು ಸುತ್ತಿಗೆಯಿಂದ ಬಡಿಯಬಾರದು, ಪ್ರೆಸ್ಸಿನಿಂದ ಕೂಡಿಸಬೇಕು. ಸರ್ಕ್ಲಿಪ್ ಹೊಸದೇ ಇರಲಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಲಿ. ಅಲ್ಯೂಮಿನಿಯಂ ಹೌಸಿಂಗಿನ ಎಳೆ ಬಹಳ ಮೆದು. ಕೈಬಲ ತೋರಿಸಿದರೆ ಕಿತ್ತುಬರುತ್ತದೆ.

ಗಾಡಿಯ ಮಾಲೀಕರು ಬಿಚ್ಚಿದ ಹಳೆಯ ಸಾಮಾನು ಕೇಳಿ ಪಡೆಯಬೇಕು, ಬಿಲ್ಲು ಪಡೆಯಬೇಕು. ಇದು ಅಪನಂಬಿಕೆಯ ಮಾತಲ್ಲ. ಒಳ್ಳೆಯ ಮಿಸ್ತ್ರಿ ತಾನೇ ಕರೆದು ಸವೆದ ರಿಂಗು ತೋರಿಸುತ್ತಾನೆ. ಹಾಗೆ ತೋರಿಸುವವರನ್ನು ಬಿಡಬೇಡಿ.

ಕೊನೆಯದಾಗಿ ಕ್ಲಚ್ ಪೆಡಲ್ ಇಲ್ಲದ ಗಾಡಿಗಳು. 2014ರಲ್ಲಿ ಮಾರುತಿ ಸೆಲೆರಿಯೊ ಬಂದಮೇಲೆ ಎ-ಎಂ-ಟಿ ಎಂಬ ಏರ್ಪಾಟು ನಮ್ಮ ಕಡೆಯ ಸಣ್ಣ ಕಾರುಗಳಲ್ಲೂ ಕಾಣತೊಡಗಿತು. ಅದರ ಒಳಗೆ ಇರುವುದು ಮಾಮೂಲಿ ಗೇರ್ ಬಾಕ್ಸೇ, ಮಾಮೂಲಿ ಕ್ಲಚ್ಚೇ. ಕಾಲಿನ ಬದಲು ಯಂತ್ರ ಒತ್ತುತ್ತದೆ. ಆದ್ದರಿಂದ ಏರಿನಲ್ಲಿ ಎಕ್ಸಲೇಟರ್ ಒತ್ತಿ ನಿಲ್ಲಿಸಿಕೊಂಡರೆ ಇದರ ಕ್ಲಚ್ಚೂ ಸುಡುತ್ತದೆ. ಹೊಸ ಕ್ಲಚ್ ಹಾಕಿದ ಮೇಲೆ ಕಂಪ್ಯೂಟರಿನಿಂದ ಅದಕ್ಕೆ ಹೊಸ ಅಳತೆ ಕಲಿಸಬೇಕು. ಆ ಸ್ಕ್ಯಾನರ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ. ಪೂರ್ತಿ ಆಟೋಮ್ಯಾಟಿಕ್ ಗಾಡಿಗಳ ಎಣ್ಣೆಯೇ ಬೇರೆ. 80-90 ನಂಬರಿನ ಗೇರ್ ಆಯಿಲನ್ನು ಅದಕ್ಕೆ ಹಾಕಿದರೆ ಬಾಕ್ಸು ಹೋಯಿತೆಂದೇ ತಿಳಿಯಿರಿ. ಆ ಗಾಡಿ ದಾರಿಯಲ್ಲಿ ನಿಂತರೆ, ಎಳೆಯುವ ಗಾಲಿ ನೆಲದ ಮೇಲಿರುವಾಗ ಹಗ್ಗ ಕಟ್ಟಿ ಎಳೆಸಬೇಡಿ. ಒಳಗೆ ಎಣ್ಣೆ ಹರಿಸುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಬಂದಾಗಿ ಗಾಲಿ ತಿರುಗಿದರೆ ಒಳಗಿನ ಭಾಗಗಳು ಒಣಗಿ ಉಜ್ಜುತ್ತವೆ. ಗಾಡಿಯನ್ನು ಎತ್ತಿ ಹೇರಿಕೊಂಡು ಹೋಗುವ ವಾಹನವನ್ನೇ ಕರೆಸಿ.

ಬಂಧುಗಳೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ರಾತ್ರಿ ನಿಲ್ಲಿಸಿದ್ದ ಜಾಗದ ನೆಲ ನೋಡಿ. ಎಣ್ಣೆಯ ಕಲೆ ಇದ್ದರೆ ಅದು ಎಲ್ಲಿಂದ ಬಿತ್ತು ಎಂದು ಗ್ಯಾರೇಜಿನಲ್ಲಿ ಕೇಳಿ. ಕಲೆ ಇಲ್ಲದಿದ್ದರೂ ಗೇರ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ನೆನಪಿಲ್ಲದಿದ್ದರೆ, ಮುಂದಿನ ಸಲ ಎಂಜಿನ್ ಆಯಿಲ್ ಬದಲಿಸುವಾಗಲೇ ಆ ಪಕ್ಕದ ಪ್ಲಗ್ಗನ್ನೂ ಬಿಚ್ಚಿಸಿ. ಎದುರಿಗೆ ನಿಂತು ನೋಡಿ. ಬದಲಿಸಿದ ದಿನ, ಆಗಿನ ಕಿಲೋಮೀಟರ್, ಹಾಕಿದ ಎಣ್ಣೆಯ ಹೆಸರು, ಈ ಮೂರನ್ನೂ ಗಾಡಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.